ತಿಕ್ಕುವವರು ಯಾರು?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು ‘ಬಾಗಿಲಿನ ಹಿಡಿಕೆ ಆರಿಸಿ ನೋಡು’ ಎಂದು ಸೇರಿಸಲಿಲ್ಲ. ಪಾಪ, ಅವರ ಕಾಲದಲ್ಲಿ ಆರಿಸಲು ಇದ್ದುದಾದರೂ ಏನು? ಕಮ್ಮಾರ ಬಡಿದುಕೊಟ್ಟ ಕಬ್ಬಿಣದ ಚಿಲಕ, ಅನುಕೂಲಸ್ಥರಾದರೆ ಒಂದು ಹಿತ್ತಾಳೆಯ ಬಳೆ. ಅಲ್ಲಿಗೆ ಮುಗಿಯಿತು. ಈಗ ಹಾರ್ಡ್‌ವೇರ್ ಅಂಗಡಿಗೆ ಕಾಲಿಟ್ಟರೆ ಗೋಡೆ ತುಂಬ ಹಿಡಿಕೆಗಳು. ಮಿರಿಮಿರಿ ಕ್ರೋಮ್, ಮಂಕು ಸ್ಯಾಟಿನ್, ಆಂಟಿಕ್ ಬ್ರಾಸ್, ರೋಸ್ ಗೋಲ್ಡ್, ಕಾಡಿಗೆಯಂಥ ಮ್ಯಾಟ್ ಬ್ಲ್ಯಾಕ್! ಸೀರೆ ಅಂಗಡಿಯಲ್ಲಿ ಹೆಂಗಸರು ಹೊತ್ತು ಕಳೆಯುತ್ತಾರೆಂದು ಹಾಸ್ಯ ಮಾಡುವ ಗಂಡಸರು ಒಮ್ಮೆ ಇಲ್ಲಿಗೆ ಬರಬೇಕು. ನಮ್ಮವರು ಒಂದೇ ಒಂದು ಟವರ್ ಬೋಲ್ಟ್ ಕೈಯಲ್ಲಿ ಹಿಡಿದು ಮುಕ್ಕಾಲು ಗಂಟೆ ನಿಂತಿದ್ದರು.

ನಿವೃತ್ತಿಯ ನಂತರ ಕುಂದಾಪುರದ ಕಡೆಯ ನಮ್ಮವರ ಊರಿನಲ್ಲಿ, ಹಳೆಯ ಮನೆಯಿದ್ದ ಜಾಗದಲ್ಲೇ ಒಂದು ಚಿಕ್ಕ ಮನೆ ಕಟ್ಟಿಸುವ ಯೋಗ ನಮಗೆ ಕೂಡಿಬಂತು. ಸಮುದ್ರ ಕೂಗಳತೆಯ ದೂರ. ಹಿಡಿಕೆ, ಚಿಲಕ, ಗೋಡೆಯ ದೀಪ, ಎಲ್ಲವೂ ಹಿತ್ತಾಳೆಯದೇ ಆಗಬೇಕೆಂಬುದು ನಮ್ಮವರ ಹಟ. “ಅಮ್ಮನ ಕಾಲದಲ್ಲಿ ಮನೆ ಹೇಗೆ ಚಿನ್ನದ ಹಾಗೆ ಹೊಳೆಯುತ್ತಿತ್ತು ಗೊತ್ತಾ?” ಎನ್ನುತ್ತಿದ್ದರು.

ಗೊತ್ತಿಲ್ಲದೆ ಏನು? ಪ್ರತಿ ಹಬ್ಬದ ಮುನ್ನಾದಿನ ನಮ್ಮತ್ತೆ ಬಾವಿಕಟ್ಟೆಯ ಬಳಿ ಕೂರುತ್ತಿದ್ದರು. ಒಂದು ಪಕ್ಕದಲ್ಲಿ ದೀಪ, ಹರಿವಾಣ, ಕೊಡಪಾನಗಳ ರಾಶಿ. ಇನ್ನೊಂದು ಪಕ್ಕದಲ್ಲಿ ಹುಣಸೆಹಣ್ಣು, ಬೂದಿ, ತೆಂಗಿನ ನಾರು. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ಹಿತ್ತಾಳೆಯ ಕಿಲುಬನ್ನು ಕರಗಿಸುತ್ತದೆ. ಅದೇ ಹುಳಿ ಬೆರಳಿನ ಬಿರುಕಿಗೂ ಇಳಿಯುತ್ತದೆ. ರಾತ್ರಿ ಸಾರು ಅನ್ನ ಕಲೆಸುವಾಗ ಅತ್ತೆ ಸರಕ್ಕನೆ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದುದನ್ನು ಪಕ್ಕದಲ್ಲಿ ಕುಳಿತು ಎಷ್ಟೋ ಸಲ ನೋಡಿದ್ದೇನೆ. ಮಗನ ನೆನಪಿನಲ್ಲಿ ಉಳಿದದ್ದು ಹೊಳಪು, ಸೊಸೆಯ ನೆನಪಿನಲ್ಲಿ ಉಳಿದದ್ದು ಆ ಕೈ.

“ಹಾಕಿಸೋಣ. ತಿಕ್ಕುವವರು ಯಾರು?” ಎಂದೆ. ನಮ್ಮವರು ಅಂಗಡಿಯವನ ಮುಖ ನೋಡಿದರು.

“ಲ್ಯಾಕರ್ ಹಚ್ಚಿದ ಹಿತ್ತಾಳೆ ತಗೊಳ್ಳಿ, ತಿಕ್ಕುವ ಕೆಲಸವೇ ಇಲ್ಲ” ಎಂದನಾತ. ಲ್ಯಾಕರ್ ಎಂದರೆ ಗಾಳಿ ತಾಗದಂತೆ ಮೇಲೆ ಬಳಿದ ಪಾರದರ್ಶಕ ಲೇಪ. ಅದಿರುವಷ್ಟು ದಿನ ಚೆಂದವೇ. ಆದರೆ ಬೀಗದ ಕೈಯೋ ಬಳೆಯೋ ತಾಗಿ ಗೀರು ಬಿದ್ದರೆ ಅಲ್ಲಿಂದ ಉಪ್ಪುಗಾಳಿ ಒಳಗೆ ನುಗ್ಗಿ, ಲೇಪದ ಅಡಿಯಲ್ಲೇ ಕಪ್ಪು ಹರಡುತ್ತದೆ. ಆಮೇಲೆ ಹುಣಸೆಹಣ್ಣೂ ಕೈಲಾಗದ್ದು. ಇಡೀ ಲೇಪ ಕಿತ್ತು ಹೊಸದಾಗಿ ಬಳಿಯಬೇಕು.

ಹಾಗಾದರೆ ಸ್ಟೀಲು? ಅದರಲ್ಲೂ ಜಾತಿಗಳುಂಟು: 202, 304, 316. ಅಯಸ್ಕಾಂತ ಅಂಟದಿದ್ದರೆ ಒಳ್ಳೆಯ ಸ್ಟೀಲು ಎಂದು ಅನೇಕರು ನಂಬಿದ್ದಾರೆ. ಅಗ್ಗದ 202ಕ್ಕೂ ಅದು ಸಾಮಾನ್ಯವಾಗಿ ಅಂಟುವುದಿಲ್ಲ! ಸ್ಟೀಲಿನಲ್ಲಿರುವ ಕ್ರೋಮಿಯಂ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಪೊರೆ ಕಟ್ಟಿ ತುಕ್ಕನ್ನು ತಡೆಯುತ್ತದೆ. ಕಡಲ ಗಾಳಿಯ ಕ್ಲೋರೈಡ್ ಆ ಪೊರೆಯನ್ನು ಚುಚ್ಚುತ್ತದೆ. 316ರಲ್ಲಿ ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಂ ಇರುವುದರಿಂದ ಅದು ಹೆಚ್ಚು ತಾಳುತ್ತದೆ. ಇನ್ನೊಂದು ಸೋಜಿಗ: ಲೋಹ ಒಂದೇ ಆದರೂ ಒರಟು ಗೆರೆ ಎಳೆದ ಫಿನಿಶ್‌ನಲ್ಲಿ ಉಪ್ಪು ಕೂತುಕೊಳ್ಳುತ್ತದೆ, ನುಣುಪಾದದ್ದರಲ್ಲಿ ಜಾರುತ್ತದೆ. ಮಳೆಗೆ ಒಡ್ಡಿಕೊಂಡ ಗೇಟಿನ ದೀಪಕ್ಕಿಂತ ಸೂರಿನ ಕೆಳಗೆ ಬೆಚ್ಚಗಿರುವ ದೀಪಕ್ಕೇ ಬೇಗ ಕಲೆ ಬೀಳುತ್ತದೆ. ಮೊದಲನೆಯದನ್ನು ಮಳೆ ತೊಳೆಯುತ್ತದೆ, ಎರಡನೆಯದನ್ನು ನಾವೇ ಒರೆಸಬೇಕು.

ನಮ್ಮವರಿಗೆ ಚಿನ್ನದ ಬಣ್ಣ ಬಿಡಲು ಮನಸ್ಸಿಲ್ಲ. ಅಂಗಡಿಯವನು ಪಿವಿಡಿ ತೋರಿಸಿದ. ನಿರ್ವಾತ ಪೆಟ್ಟಿಗೆಯೊಳಗೆ ಲೋಹವನ್ನು ಆವಿಯಾಗಿಸಿ ಸ್ಟೀಲಿನ ಮೇಲೆ ಕೂರಿಸುವ ಲೇಪವಂತೆ. ಟೈಟೇನಿಯಂ ನೈಟ್ರೈಡ್ ಆದರೆ ಬಂಗಾರದ ಬಣ್ಣ. ಗಟ್ಟಿ, ಸುಲಭವಾಗಿ ಗೀರು ಬೀಳದು, ತಿಕ್ಕುವ ಗೋಜಿಲ್ಲ. ಕ್ರೋಮ್ ಹಿಡಿಕೆಯ ಮೇಲಿನ ಕ್ರೋಮ್ ಪದರವಾದರೋ ಸಾಮಾನ್ಯವಾಗಿ ಒಂದು ಮೈಕ್ರಾನ್‌ಗೂ ಕಡಿಮೆ. ತುಕ್ಕು ತಡೆಯುವ ಕೆಲಸವೆಲ್ಲ ಅದರ ಕೆಳಗಿನ ನಿಕ್ಕಲ್ಲಿನದು. ಹೆಸರು ಮಾತ್ರ ಕ್ರೋಮಿನದು. ಸಂಸಾರದ ಹಾಗೆಯೇ ಎಂದುಕೊಂಡೆ, ಬಾಯಿಬಿಟ್ಟು ಹೇಳಲಿಲ್ಲ.

ಮಾದರಿಗಳನ್ನು ಮನೆಗೆ ತಂದು ನೋಡಿದ್ದು ಒಳ್ಳೆಯದಾಯಿತು. ಅಂಗಡಿಯ ಬಿಳಿ ಬೆಳಕಿನಲ್ಲಿ ಪೇಲವವಾಗಿದ್ದ ಹಿತ್ತಾಳೆ ನಮ್ಮ ಹಳದಿ ಬಲ್ಬಿನಡಿ ಜೀವ ತುಂಬಿಕೊಂಡಿತು. ದೀಪದ ಲೋಹ ಆರಿಸುವಾಗ ಬಲ್ಬನ್ನೂ ಜತೆಗೇ ಆರಿಸಬೇಕು.

ಕೊನೆಗೆ ಪಂಚಾಯಿತಿ ತೀರ್ಮಾನ ಹೀಗಾಯಿತು. ಹೊರಗಿನ ದೀಪ, ಚಿಲಕ, ತಿರುಗಣೆಗಳು ನುಣುಪು 316. ಒಳಬಾಗಿಲುಗಳಿಗೂ ಬಚ್ಚಲಿಗೂ ಪಿವಿಡಿ. ತಲೆಬಾಗಿಲ ಹಿಡಿಕೆ ಮಾತ್ರ ಲೇಪವಿಲ್ಲದ ಅಪ್ಪಟ ಹಿತ್ತಾಳೆ. ಅದನ್ನು ನಾನೇ ಒಪ್ಪಿದೆ. ಅದಕ್ಕೆ ಕಾರಣವುಂಟು. ದಿನಕ್ಕೆ ಇಪ್ಪತ್ತು ಸಲ ಕೈ ತಾಗುವ ಹಿಡಿಕೆಯನ್ನು ಯಾರೂ ತಿಕ್ಕಬೇಕಿಲ್ಲ, ಬಂದುಹೋಗುವವರೆಲ್ಲ ಸ್ವಲ್ಪ ಸ್ವಲ್ಪ ತಿಕ್ಕುತ್ತಾರೆ. ಕೈ ತಾಗುವಲ್ಲಿ ಹೊಳೆಯುತ್ತದೆ, ತಾಗದಲ್ಲಿ ಕಂದುತ್ತದೆ. ಅದೂ ಒಂದು ಚೆಲುವೇ. ಜತೆಗೆ, 2008ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ತಾಮ್ರವನ್ನೂ ಹಿತ್ತಾಳೆಯಂಥ ಅದರ ಮಿಶ್ರಲೋಹಗಳನ್ನೂ ಬ್ಯಾಕ್ಟೀರಿಯಾ ಕೊಲ್ಲುವ ಮೇಲ್ಮೈಗಳೆಂದು ನೋಂದಾಯಿಸಿದೆ. ಲ್ಯಾಕರ್ ಹಚ್ಚಿದರೆ ಆ ಗುಣವೂ ಮುಚ್ಚಿಹೋಗುತ್ತದೆ.

ಅತ್ತೆಯ ಎರಡು ಕಾಲುದೀಪಗಳು ದೇವರ ಕೋಣೆಯಲ್ಲಿವೆ. ಅವನ್ನು ತಿಕ್ಕುವುದು ನಮ್ಮವರ ಪಾಲಿಗೆ ಬಂದಿದೆ. ಮೊದಲ ಚೌತಿಗೆ ಒಂದು ಗಂಟೆ ತಿಕ್ಕಿ ಎದ್ದವರು ಊಟಕ್ಕೆ ಕುಳಿತಾಗ ಚಮಚ ಕೇಳಿದರು. ನಾನು ಕಾರಣ ಕೇಳಲಿಲ್ಲ. ಅವರೇ ತುಸು ಹೊತ್ತಿನ ಮೇಲೆ “ಅಮ್ಮ ಒಂದು ದಿನವೂ ಹೇಳಲಿಲ್ಲ ನೋಡು” ಎಂದರು.

ನೀವೂ ಹಿಡಿಕೆ, ದೀಪಗಳನ್ನು ಕೊಳ್ಳಲು ಹೊರಟಿದ್ದೀರಾ? ಬೆಲೆಯನ್ನು ಅಂಗಡಿಯವನಲ್ಲಿ ಕೇಳಿ. ಅದಕ್ಕೂ ಮೊದಲು ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ತಿಕ್ಕುವವರು ಯಾರೆಂದು ಕೇಳಿಬಿಡಿ. ಅರ್ಧ ಆಯ್ಕೆ ಅಲ್ಲೇ ಮುಗಿಯುತ್ತದೆ.