ಊರಿಗೆ ಐದು ದಿನದ ದಾರಿ

ಐರೋಲಿಯ ನಮ್ಮ ಆಫೀಸಿನಲ್ಲಿ ಮಳೆ ನಿಂತಿತೆಂದರೆ ರಜೆಯ ಮಾತು ಶುರು. ಈ ಸಲ ಒಬ್ಬ ಶ್ರೀಲಂಕಾದಲ್ಲಿ ಕಾರು ಓಡಿಸುತ್ತೇನೆ ಎಂದ. ಇನ್ನೊಬ್ಬನಿಗೆ ವಿಯೆಟ್ನಾಂನ ಉತ್ತರದ ಗುಡ್ಡಗಳಲ್ಲಿ ಬೈಕ್ ಓಡಿಸುವ ಹುಚ್ಚು. ಎರಡೂ ಒಳ್ಳೆಯ ಯೋಚನೆಗಳೇ. ಶ್ರೀಲಂಕಾ ನಮ್ಮ ಕರ್ನಾಟಕದ ಮೂರನೇ ಒಂದು ಭಾಗದಷ್ಟು ದೊಡ್ಡದು, ಅಷ್ಟೆ. ನಮ್ಮ ಹಾಗೇ ರಸ್ತೆಯ ಎಡಬದಿಯಲ್ಲಿ ಓಡಿಸಬೇಕು, ವಾರದೊಳಗೆ ಕಡಲು, ಕಾಡು, ಚಹಾ ತೋಟ ಮೂರನ್ನೂ ನೋಡಿ ಬರಬಹುದು. ಅಲ್ಲಿಯ ತಾತ್ಕಾಲಿಕ ಪರ್ಮಿಟ್ ಮಾತ್ರ ಮಾಡಿಸಿಕೊಳ್ಳಬೇಕು. ವಿಯೆಟ್ನಾಂನ ತೊಡಕು ಬೇರೆ. ನಮ್ಮ ಆರ್‌ಟಿಓ ಕೊಡುವ ಅಂತರರಾಷ್ಟ್ರೀಯ ಪರ್ಮಿಟ್ 1949ರ ಜಿನೀವಾ ಒಪ್ಪಂದದ್ದು, ಆ ದೇಶ ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ್ದನ್ನು. ಬಾಡಿಗೆಗೆ ಬೈಕ್ ಯಾರಾದರೂ ಕೊಟ್ಟಾರು, ಅಪಘಾತವಾದರೆ ಇನ್ಶೂರೆನ್ಸ್‌ನವರು ಕೈಯೆತ್ತಿಬಿಡುತ್ತಾರೆ. ಇದನ್ನು ಹೇಳಿದ್ದಕ್ಕೆ ಅವನು ನನ್ನ ಮೇಲೆ ಇನ್ನೂ ಮುನಿಸಿಕೊಂಡಿದ್ದಾನೆ.

ನನ್ನ ಆಯ್ಕೆ ಬೇರೆ. ಡೊಂಬಿವಲಿಯಿಂದ ಕುಂದಾಪುರಕ್ಕೆ, ಕಡಲ ಬದಿಯ ದಾರಿಯಲ್ಲಿ, ಐದು ದಿನ.

ಊರಿಗೆ ಹೋಗುವುದು ಪ್ರವಾಸವೇ ಎಂದು ನೀವು ನಗಬಹುದು. ನಗುವ ಮೊದಲು ಒಂದು ಪ್ರಶ್ನೆ: ಮಾಣಗಾಂವ್‌ನಿಂದ ಕಾರವಾರದವರೆಗಿನ ನೆಲವನ್ನು ನಮ್ಮಲ್ಲಿ ಎಷ್ಟು ಮಂದಿ ಹಗಲಲ್ಲಿ ನೋಡಿದ್ದೇವೆ? ಠಾಣೆಯಲ್ಲಿ ಮಧ್ಯಾಹ್ನದ ಮೇಲೆ ಮತ್ಸ್ಯಗಂಧ ಹತ್ತುತ್ತೇವೆ, ಪನ್ವೇಲ್ ದಾಟಿದ ಮೇಲೆ ಚಕ್ಕುಲಿ ಡಬ್ಬ ತೆರೆಯುತ್ತೇವೆ, ರತ್ನಾಗಿರಿ ಬರುವಷ್ಟರಲ್ಲಿ ಕತ್ತಲೆ. ಬೆಳಕು ಹರಿಯುವ ಮೊದಲೇ ಊರು. 1998ರ ಜನವರಿ 26ರಂದು ಪೂರ್ತಿ ದಾರಿ ತೆರೆದ ಕೊಂಕಣ ರೈಲು ನಮಗೆ ಮಾಡಿದ ಉಪಕಾರ ಸಣ್ಣದಲ್ಲ. ಆದರೆ ನಡುವಿನ ನೆಲವನ್ನು ಅದು ಒಂದು ರಾತ್ರಿಯ ನಿದ್ದೆ ಮಾಡಿಬಿಟ್ಟಿತು. ನನ್ನ ಹನ್ನೊಂದು ವರ್ಷದ ಮಗನ ಲೆಕ್ಕದಲ್ಲಿ ಡೊಂಬಿವಲಿಯ ಪಕ್ಕದ ಸ್ಟೇಷನ್ನೇ ಕುಂದಾಪುರ.

ಪನ್ವೇಲ್‌ನಲ್ಲಿ ಹುಟ್ಟಿ ಕನ್ಯಾಕುಮಾರಿಗೆ ಹೋಗುವ ಎನ್‌ಎಚ್ 66, ಹಳಬರ ಬಾಯಲ್ಲಿ ಇನ್ನೂ ‘ಹದಿನೇಳು’, ಹಿಡಿದರೆ ನಮ್ಮಲ್ಲಿಂದ ಕುಂದಾಪುರಕ್ಕೆ ಸುಮಾರು ಎಂಟುನೂರು ಕಿಲೋಮೀಟರ್. ಗಟ್ಟಿಗರು ಒಂದೇ ದಿನದಲ್ಲಿ ಓಡಿಸುತ್ತಾರೆ. ನನಗೆ ಬೇಕಾದದ್ದು ಅದಲ್ಲ, ಅದರ ಪಶ್ಚಿಮಕ್ಕೆ ಕಡಲಿಗಂಟಿಕೊಂಡು ಹೋಗುವ ಸಣ್ಣ ರಸ್ತೆ. ರೇವಸ್‌ನಿಂದ ರೆಡ್ಡಿವರೆಗಿನ ಈ ಸಾಗರ ಮಾರ್ಗದ ಕನಸು ಎಂಬತ್ತರ ದಶಕದ ಆರಂಭದಲ್ಲಿ ಮುಖ್ಯಮಂತ್ರಿಯಾಗಿದ್ದ ಅಂತುಳೆಯವರದ್ದು. ಇವತ್ತಿಗೂ ಅದು ಪೂರ್ತಿ ರಸ್ತೆಯಲ್ಲ, ಎದುರಿಗೆ ಖಾಡಿ ಬಂದಲ್ಲಿ ತುಂಡಾಗುತ್ತದೆ. ಅಲ್ಲಿ ಕಾರನ್ನು ಫೆರಿಗೆ ಹತ್ತಿಸಬೇಕು. ಈಗ ಸರಕಾರ ದೊಡ್ಡ ಖಾಡಿಗಳ ಮೇಲೆಲ್ಲ ಸೇತುವೆ ಕಟ್ಟಿಸಲು ಹೊರಟಿದೆ. ಅವು ಆದರೆ ಅಲ್ಲಿನವರಿಗೆ ಒಳ್ಳೆಯದೇ, ಆಸ್ಪತ್ರೆಗೆ ಹೋಗಲು ಫೆರಿ ಕಾಯುವುದು ಸಾಹಸವೇನಲ್ಲ. ನನ್ನಂಥ ಪ್ರವಾಸಿಗೆ ಮಾತ್ರ ಹೋಗುವುದಿದ್ದರೆ ಈಗಲೇ.

ಹದಿನೈದು ವರ್ಷದಿಂದ ಸಾಫ್ಟ್‌ವೇರ್ ರಿಲೀಸ್‌ಗಳ ಪ್ಲಾನ್ ಮಾಡಿ ಹೊಟ್ಟೆ ಹೊರೆದವನು ನಾನು. ಇದಕ್ಕೂ ಎಕ್ಸೆಲ್ ತೆರೆದೆ. ಮೊದಲ ಕಾಲಂ ಕಿಲೋಮೀಟರ್ ಇತ್ತು, ಎರಡನೇ ರಾತ್ರಿಗೆ ಅದನ್ನು ತೆಗೆದು ನದಿಗಳ ಹೆಸರು ಹಾಕಿದೆ. ಇಂಥ ಉಷ್ಣವಲಯದ ಕರಾವಳಿಯಲ್ಲಿ ದಾರಿಯ ಉದ್ದವನ್ನು ನಿರ್ಧರಿಸುವುದು ನೀರು. ಸಾವಿತ್ರಿ, ವಾಶಿಷ್ಠಿ, ಶಾಸ್ತ್ರಿ, ತೇರೇಖೋಲ್, ಮಾಂಡವಿ, ಝುವಾರಿ, ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಇವು ದೊಡ್ಡವು, ನಡುವಿನ ಹಳ್ಳ-ಹೊಳೆಗಳನ್ನು ಎಣಿಸಿ ಮುಗಿಯದು. ಎಲ್ಲವೂ ಸಹ್ಯಾದ್ರಿಯಲ್ಲಿ ಹುಟ್ಟಿ ಸ್ವಲ್ಪವೇ ದೂರದಲ್ಲಿ ಕಡಲು ಸೇರುವಂಥವು. ಹಾಗಾಗಿ ಘಟ್ಟದಲ್ಲಿ ಬೆಳಿಗ್ಗೆ ಸುರಿದದ್ದು ಮಧ್ಯಾಹ್ನ ಸೇತುವೆಯ ಬುಡದಲ್ಲಿರುತ್ತದೆ.

ಈ ನೀರು ಏನು ಮಾಡಬಲ್ಲದು ಎಂದು ಹೇಳದೆ ದಾರಿಯ ಚಂದ ಮಾತ್ರ ಹೇಳುವುದು ಸರಿಯಲ್ಲ. 2016ರ ಆಗಸ್ಟ್ 2ರ ರಾತ್ರಿ ಮಹಾಡ್ ಬಳಿ ಸಾವಿತ್ರಿಯ ಮೇಲಿನ ಬ್ರಿಟಿಷರ ಕಾಲದ ಕಲ್ಲಿನ ಸೇತುವೆ ಕೊಚ್ಚಿಹೋಯಿತು, ಎರಡು ಎಸ್‌ಟಿ ಬಸ್ಸುಗಳು ಜನರ ಸಮೇತ ಕತ್ತಲಲ್ಲಿ ಮುಳುಗಿದವು. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಜಾರಿ ಚಹಾದಂಗಡಿಯನ್ನೂ ನಿಂತಿದ್ದ ಲಾರಿಯನ್ನೂ ಗಂಗಾವಳಿಗೆ ತಳ್ಳಿತು. ಮೂರು ವಾರ ಕಳೆದ ಬೆನ್ನಿಗೇ, ಆಗಸ್ಟ್ 7ರ ನಡುರಾತ್ರಿ, ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಆ ಹೊತ್ತಿನಲ್ಲಿ ಅದರ ಮೇಲಿದ್ದದ್ದು ಒಂದೇ ಲಾರಿ, ಚಾಲಕನನ್ನು ಎತ್ತಿ ಉಳಿಸಿದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದಾರಿಯಲ್ಲಿ ಮಕ್ಕಳು ಮುದುಕರನ್ನು ಕೂರಿಸಿಕೊಂಡು ‘ಮಾನ್ಸೂನ್ ಡ್ರೈವ್’ ಹೋಗುವವರ ಬಗ್ಗೆ ನನಗೆ ಗೌರವವಿಲ್ಲ.

ನಮ್ಮದು ಡಿಸೆಂಬರ್ ಎರಡನೇ ಶನಿವಾರ. ಮಳೆ ತೊಳೆದು ಹೋದ ರಸ್ತೆಗೆ ಅಷ್ಟು ಹೊತ್ತಿಗೆ ತೇಪೆ ಬಿದ್ದಿರುತ್ತದೆ, ಗೋವಾದ ಕ್ರಿಸ್‌ಮಸ್ ನೂಕುನುಗ್ಗಲು ಇನ್ನೂ ಶುರುವಾಗಿರುವುದಿಲ್ಲ. ಅಡ್ಡಿ ಒಂದೇ, ಸಂಜೆ ಆರಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಕಡಲ ಬದಿಯ ರಸ್ತೆಯಲ್ಲಿ ಗಂಟೆಗೆ ಮೂವತ್ತು ಕಿಲೋಮೀಟರ್ ಹೋದರೆ ಪುಣ್ಯ. ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಸ್ಟೀರಿಂಗ್ ಹಿಡಿಯುವುದಿಲ್ಲ, ಕತ್ತಲಾದ ಮೇಲೆ ಓಡಿಸುವುದಿಲ್ಲ ಎಂಬ ಎರಡು ನಿಯಮ ಹಾಕಿಕೊಂಡ ಕೂಡಲೇ ಮೂರು ದಿನದ ಪ್ಲಾನ್ ತಾನಾಗಿ ಐದು ದಿನದ್ದಾಯಿತು.

ಮೊದಲ ದಿನ ಶಿಳ್‌ಫಾಟಾ, ತಳೋಜಾ, ಕಳಂಬೋಲಿ, ಪನ್ವೇಲ್. ಶಿಳ್‌ಫಾಟಾ ಗೊತ್ತಲ್ಲ, ಬೆಳಗಿನ ಆರರೊಳಗೆ ದಾಟಿದರೆ ಸೈ, ಇಲ್ಲದಿದ್ದರೆ ಆ ಒಂದು ನಾಕಾಕ್ಕೇ ಅರ್ಧ ದಿನ ಬರೆದಿಡಬೇಕು. ಮಾಣಗಾಂವ್‌ನಲ್ಲಿ ಹೆದ್ದಾರಿ ಬಿಟ್ಟು ಮ್ಹಸಳಾ ಮೇಲೆ ಹರಿಹರೇಶ್ವರ. ಅಲ್ಲಿ ದೇವಸ್ಥಾನದ ಹಿಂದೆ ಬಂಡೆಗಳ ಮೇಲೆ ಪ್ರದಕ್ಷಿಣೆಯ ದಾರಿಯಿದೆ, ನೀರು ಇಳಿದಾಗ ಮಾತ್ರ ಕಾಲಿಡಬೇಕು. ಕಡಲು ಶಾಂತವಾಗಿದೆ ಎಂದು ಕಂಡರೂ ಅಲೆ ಬಂದು ಜನರನ್ನು ಎಳೆದುಕೊಂಡು ಹೋದದ್ದಿದೆ. ಉಬ್ಬರ ಇಳಿತ ದಿನಕ್ಕೆರಡು ಸಲ, ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗಿ. ಹಾಗಾಗಿ ಹೊರಡುವ ವಾರದ ಪಟ್ಟಿಯನ್ನೇ ನೋಡಬೇಕು, ಕಳೆದ ವರ್ಷ ಹೋಗಿ ಬಂದವರ ಮಾತು ಪ್ರಯೋಜನಕ್ಕಿಲ್ಲ.

ಹರಿಹರೇಶ್ವರದ ಪಕ್ಕದಲ್ಲೇ ಬಾಗ್‌ಮಾಂಡಲಾ ಜೆಟ್ಟಿ. ಫೆರಿ ಆಚೆ ದಡದ ವೇಶ್ವಿಗೆ ಬಿಡುತ್ತದೆ. ನಡುವಿನ ಅಗಲವಾದ ನೀರು ಯಾವುದೆಂದು ಮ್ಯಾಪಿನಲ್ಲಿ ಹಿಂದಕ್ಕೆ ಹಿಡಿದುಕೊಂಡು ಹೋದೆ. ಅದೇ ಸಾವಿತ್ರಿ. ಮಹಾಡ್‌ನಲ್ಲಿ ಆ ಸೇತುವೆಯನ್ನು ಎತ್ತಿಕೊಂಡು ಹೋದವಳು ಇಲ್ಲಿ ಬಾಣಕೋಟ್ ಖಾಡಿಯಾಗಿ ಕಡಲು ಸೇರುತ್ತಾಳೆ. ವೇಶ್ವಿಯಿಂದ ಕೇಳ್ಶಿ, ಆಂಜರ್ಲೆ, ಹರ್ಣೈ. ಹರ್ಣೈಯಲ್ಲಿ ನೀರಿನ ನಡುವೆ ಸುವರ್ಣದುರ್ಗ, ದಡದಲ್ಲಿ ಸಂಜೆಯ ಮೀನು ಹರಾಜು. ರಾತ್ರಿ ದಾಪೋಲಿ.

ನನ್ನ ಮೊದಲ ಪ್ಲಾನಿನಲ್ಲಿ ಎರಡನೇ ದಿನ ದಾಪೋಲಿಯಿಂದ ದಾಭೋಳ, ಅಲ್ಲಿ ವಾಶಿಷ್ಠಿಯ ಮೇಲೆ ಎರಡನೇ ಫೆರಿ, ಆಚೆ ಧೋಪಾವೆ, ಗುಹಾಗರ್ ಎಂದಿತ್ತು. ನೋಡಲು ಚೆಂದದ ಪ್ಲಾನ್. ಅಪ್ಪ ಲ್ಯಾಪ್‌ಟಾಪ್ ಎದುರು ಕನ್ನಡಕ ಏರಿಸಿ ಕೂತು ಬೆರಳಿಟ್ಟು ಓದಿದರು. “ಚಿಪ್ಳೂಣ್ ಎಲ್ಲ್ ಹೋಯ್ತ್ ಮರಾಯಾ?” ಎಂದರು.

ಅಪ್ಪನಿಗೆ ಎಪ್ಪತ್ತಮೂರು. ಹದಿನಾರಕ್ಕೆ ಊರು ಬಿಟ್ಟು ಫೋರ್ಟ್‌ನ ಹೊಟೇಲಿಗೆ ಬಂದವರು, ರಾತ್ರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿ, ಮುಂದೆ ಡೊಂಬಿವಲಿಯ ಎಂಐಡಿಸಿಯ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್ ಆಗಿ ನಿವೃತ್ತರಾದವರು. ಇಂಥ ಬದುಕು ನಿಮ್ಮ ಮನೆಯಲ್ಲೂ ಒಂದಿರುತ್ತದೆ, ಹೆಚ್ಚು ಹೇಳಬೇಕಿಲ್ಲ. ಎಂಬತ್ತರ ದಶಕದ ಒಂದು ಜುಲೈನಲ್ಲಿ ಅಜ್ಜಿಗೆ ಸೀರಿಯಸ್ ಎಂದು ತಂತಿ ಬಂತು. ಪುಣೆ-ಬೆಳಗಾವಿ ಮೇಲೆ ಹೋಗುವ ಬಸ್ಸಿಗೆ ಟಿಕೆಟ್ ಸಿಗದೆ ಹದಿನೇಳರ ದಾರಿಯ ಬಸ್ಸು ಹತ್ತಿದರು. ಚಿಪ್ಳೂಣ್‌ನಲ್ಲಿ ವಾಶಿಷ್ಠಿ ಪೇಟೆಗೆ ನುಗ್ಗಿತ್ತು. ಎರಡು ರಾತ್ರಿ ಬಸ್ಸು ಅಲ್ಲೇ. ಪೇಟೆಗಿಂತ ಎತ್ತರದಲ್ಲಿದ್ದ ಒಂದು ಮನೆಯವರು ಬಸ್ಸಿನ ಜನರನ್ನು ಜಗಲಿಗೆ ಕರೆದು ‘ಪೇಜ್’ ಬಡಿಸಿದರಂತೆ. ನಮ್ಮ ಗಂಜಿಯೇ ಅದು, ಹೆಸರು ಬೇರೆ. ಅಪ್ಪ ಊರು ಮುಟ್ಟುವಾಗ ಅಜ್ಜಿಯ ಕೆಲಸ ಎಲ್ಲಾ ಮುಗಿದಿತ್ತು.

ಈ ಕಥೆಯನ್ನು ನಾನು ಹಿಂದೆಯೂ ಕೇಳಿದ್ದೆ, ಆದರೆ ಗಂಜಿಯ ಮನೆಯ ಜಗಲಿಗೆ ಮಂಗಳೂರು ಹೆಂಚಿನ ಮಾಡು ಇತ್ತು ಎಂಬುದನ್ನು ಅಪ್ಪ ಹೇಳಿದ್ದು ಈಗಲೇ. ಮಲಗಿ ಮೇಲೆ ನೋಡಿದರೆ ಮನೆಯಲ್ಲೇ ಇದ್ದ ಹಾಗೆ ಆಗುತ್ತಿತ್ತಂತೆ. ಆಶ್ಚರ್ಯವಿಲ್ಲ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಮಂಜಿಗಳಲ್ಲಿ ತುಂಬಿ ಈ ಕರಾವಳಿಗೆಲ್ಲ ಹೆಂಚು ಬರುತ್ತಿತ್ತು. ನಮ್ಮವರು ಬರುವ ಮೊದಲೇ ನಮ್ಮ ಮಾಡು ಇತ್ತ ಬಂದಿತ್ತು ಎನ್ನಬೇಕು.

ಆ ಮನೆ ಈಗ ಇದೆಯೋ? 2021ರ ಜುಲೈ 22ರ ನೆರೆಯಲ್ಲಿ ಚಿಪ್ಳೂಣ್‌ನ ಪೇಟೆ ಮಾಳಿಗೆ ಮಟ್ಟ ಮುಳುಗಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಮನೆಯವರ ಹೆಸರು ಅಪ್ಪನಿಗೆ ನೆನಪಿಲ್ಲ. ನೆನಪಿರುವುದು ಒಂದು ಬಾವಿ, ಪಕ್ಕದ ಹಲಸಿನ ಮರ, ಅಲ್ಲಿಂದ ಕಾಣುತ್ತಿದ್ದ ಕೆಂಪು ನೀರು. ಇಷ್ಟರ ಮೇಲೆ ಮನೆ ಹುಡುಕುವುದು ಸಾಧ್ಯವಿಲ್ಲ ಎಂದೆ. “ಹುಡ್ಕುಕೆ ಅಲ್ಲ, ಒಂದ್ ಸಲ ಹಗ್ಲಲ್ ಕಾಣುಕೆ” ಎಂದರು.

ಹಾಗಾಗಿ ಎರಡನೇ ದಿನದ ದಾರಿ ಬದಲಾಯಿತು. ದಾಪೋಲಿಯಿಂದ ಒಳನಾಡಿಗೆ ಖೇಡ್, ಅಲ್ಲಿಂದ ಹೆದ್ದಾರಿಯಲ್ಲಿ ಪರಶುರಾಮ ಘಾಟ್ ಇಳಿದು ಚಿಪ್ಳೂಣ್. ಘಟ್ಟದ ಮೇಲೆ ಪರಶುರಾಮನ ದೇವಸ್ಥಾನವಿದೆ, ಕೆಳಗೆ ವಾಶಿಷ್ಠಿ ಬಳುಕುತ್ತಾ ಹೋಗುವುದು ಕಾಣುತ್ತದೆ. ಕಡಲನ್ನು ಹಿಂದೆ ಸರಿಸಿ ಈ ನೆಲ ಮಾಡಿದ ಪರಶುರಾಮ ಅವರಿಗೂ ನಮಗೂ ಒಬ್ಬನೇ. ಚಿಪ್ಳೂಣ್‌ಗೆ ಮೂರು ಗಂಟೆ ಇಟ್ಟಿದ್ದೇನೆ, ಬಾವಿ ಹಲಸಿನ ಮರಕ್ಕೆ ಸಾಲಲಿ ಎಂದು. ಮಗನಿಗೆ ಒಂದು ಫೆರಿ ತಪ್ಪಿದ ಬೇಜಾರು. ಅವನಿಗೆ ತವ್ಸಾಳ್-ಜೈಗಡ ಫೆರಿ ಇದೆಯಲ್ಲ ಎಂದು ಸಮಾಧಾನ ಹೇಳಿದೆ. ಚಿಪ್ಳೂಣ್‌ನಿಂದ ಗುಹಾಗರ್, ಹೇದ್ವಿ, ತವ್ಸಾಳ್, ಅಲ್ಲಿ ಶಾಸ್ತ್ರಿ ನದಿಯ ಬಾಯಲ್ಲಿ ಕಾರು ಹತ್ತಿಸಿದರೆ ಆಚೆ ಜೈಗಡ, ಗಣಪತಿಪುಳೆ, ರತ್ನಾಗಿರಿ. ಸಂಜೆಯ ಕೊನೆಯ ಫೆರಿ ತಪ್ಪಿತೋ, ಭಾತ್‌ಗಾಂವ್ ಸೇತುವೆಯ ಮೇಲೆ ಗುಡ್ಡ ಸುತ್ತಿಕೊಂಡು ಹೋಗಬೇಕು. ಅದೂ ಶೀಟಿನಲ್ಲಿ ಬರೆದಿದೆ.

ಹೆಂಡತಿಯ ವಾದ ಬೇರೆ. ಕೊಂಕಣ ರೈಲ್ವೆ 1999ರಿಂದ ಲಾರಿಗಳನ್ನು ರೈಲಿನ ಮೇಲೆ ಹೊರುತ್ತಿದೆ, 2025ರ ಗಣೇಶ ಹಬ್ಬಕ್ಕೆ ಕಾರುಗಳನ್ನೂ ಕೋಲಾಡ್‌ನಿಂದ ಗೋವಾದ ವೆರ್ಣಾಕ್ಕೆ ಸಾಗಿಸಲು ಶುರು ಮಾಡಿತು. “ಬಿಪಿ ಇರುವ ಮಾವನನ್ನು ಈ ಹೊಂಡದಲ್ಲೆಲ್ಲ ಕುಲುಕಿಸುವ ಬದಲು ಹಾಗೆ ಹೋಗಬಾರದೇ?” ಪ್ರಶ್ನೆ ನ್ಯಾಯವಾದದ್ದು. ಅದಕ್ಕೆಂದೇ ಪ್ರತಿ ದಿನದ ಎದುರು ತಪ್ಪಿಸಿಕೊಳ್ಳುವ ಬಾಗಿಲು ಬರೆದಿದ್ದೇನೆ: ಮಾಣಗಾಂವ್‌ನಿಂದ ತಾಮ್ಹಿಣಿ ಘಾಟ್ ಹತ್ತಿದರೆ ಪುಣೆ, ಚಿಪ್ಳೂಣ್‌ನಿಂದ ಕುಂಭಾರ್ಲಿ ಹತ್ತಿದರೆ ಕರಾಡ್, ರತ್ನಾಗಿರಿಯಿಂದ ಆಂಬಾ ಘಾಟ್ ಹತ್ತಿದರೆ ಕೊಲ್ಹಾಪುರ, ಸಾವಂತವಾಡಿಯಿಂದ ಆಂಬೋಲಿ ಹತ್ತಿದರೆ ಬೆಳಗಾವಿ. ಅಪ್ಪನಿಗೆ ಸುಸ್ತಾದರೆ ಅವರೂ ಅವಳೂ ರತ್ನಾಗಿರಿಯಲ್ಲೋ ಕುಡಾಳ್‌ನಲ್ಲೋ ರೈಲು ಹತ್ತುವುದು. ಮಾತ್ರೆ ಎರಡು ಕಡೆ ಇಡುವುದು. ಅರ್ಧ ಟ್ಯಾಂಕಿಗಿಂತ ಕೆಳಗೆ ಇಂಧನ ಇಳಿಯಬಿಡದಿರುವುದು, ಕಡಲ ಬದಿಯಲ್ಲಿ ಪಂಪುಗಳು ದೂರ ದೂರ. ಮ್ಯಾಪನ್ನು ಫೋನಿಗೆ ಮೊದಲೇ ಇಳಿಸಿಕೊಳ್ಳುವುದು.

ಮೂರನೇ ದಿನ ರತ್ನಾಗಿರಿಯಲ್ಲಿ ಥೀಬಾ ಅರಮನೆ ನೋಡಿ ಮಾಲ್ವಣ್. ಬ್ರಹ್ಮದೇಶದ ರಾಜನನ್ನು ಬ್ರಿಟಿಷರು ಮೂವತ್ತು ವರ್ಷ ಈ ಊರಲ್ಲಿಟ್ಟರು. 1910ರಲ್ಲಿ ಅರಮನೆ ಸಿಕ್ಕಿತು, 1916ರಲ್ಲಿ ಅಲ್ಲೇ ಸತ್ತ. ನಾಲ್ಕನೇ ದಿನ ವೆಂಗುರ್ಲಾ, ರೆಡ್ಡಿ, ಗೋವಾ, ಕಾರವಾರ. ಗೋವಾದಲ್ಲಿ ಇಳಿಯುವುದಿಲ್ಲ, ಅದನ್ನು ನೋಡಿದವರು ಬೇಕಾದಷ್ಟು ಮಂದಿ ಇದ್ದಾರೆ. ಐದನೇ ದಿನದ ದಾರಿ ನಿಮಗೆ ಗೊತ್ತಿರುವುದೇ. ಶಿರೂರಿನಲ್ಲಿ ಮಾತ್ರ ನಿಲ್ಲಿಸದೆ ನಿಧಾನಕ್ಕೆ ಹೋಗುವುದು, ಮರವಂತೆಯಲ್ಲಿ ಒಂದು ಬದಿ ಸೌಪರ್ಣಿಕಾ ಇನ್ನೊಂದು ಬದಿ ಕಡಲು ನೋಡಲು ಎಷ್ಟು ಹೊತ್ತು ಬೇಕಾದರೂ ನಿಲ್ಲುವುದು.

ಬುಧವಾರ ಸಂಜೆ ಮನೆ. ಶನಿವಾರ ನಾನು ಹಿಂದಿರುಗಲೇಬೇಕು, ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿ, ಬೆಳಗಾವಿ, ಪುಣೆ ಮೇಲೆ ಎರಡು ದಿನ. “ಐದ್ ದಿನ ಹೋಪುಕೆ, ಎರಡ್ ದಿನ ಇಪ್ಪುಕೆ?” ಎಂದು ಅಪ್ಪ ಲೆಕ್ಕ ಹಾಕಿದರು. ಅವರು ಸಂಕ್ರಾಂತಿವರೆಗೆ ಊರಲ್ಲೇ ಉಳಿದು ರೈಲಲ್ಲಿ ಬರುತ್ತಾರಂತೆ. ಐದು ದಿನ ರಜೆ ಮಂಜೂರಾಗಿದೆ, ಮಗನ ಶಾಲೆಗೆ ಚೀಟಿ ಕೊಟ್ಟಾಗಿದೆ. ದಾಪೋಲಿಯ ಕೋಣೆ ನಿನ್ನೆ ಬುಕ್ ಮಾಡಿದೆ, ಅಪ್ಪನ ಮೊಣಕಾಲಿಗಾಗಿ ನೆಲ ಮಹಡಿಯದ್ದು.