ಅಕ್ಕಿ ತೊಳೆದ ನೀರಿನ ತೋಟ

ಮಕ್ಕಳ ಪರೀಕ್ಷೆ ಮುಗಿಯುವ ಹೊತ್ತಿಗೇ ಬೆಂಗಳೂರಿನ ನಲ್ಲಿಗಳೂ ಸೊರಗತೊಡಗುತ್ತವೆ. ಊಟಿ, ಕೊಡಗು ಎಂದು ಹೊರಡಲು ಎಲ್ಲರ ಜೇಬೂ ಒಪ್ಪುವುದಿಲ್ಲ. ಬನಶಂಕರಿ, ಜಯನಗರದವರಿಗಾದರೋ ಲಾಲ್‌ಬಾಗ್‌ ಹತ್ತಿರವೇ. ಮೆಟ್ರೊ ಇಳಿದು ತೋಟವನ್ನು ಅಡ್ಡ ಹಾಯ್ದು ಸಿದ್ದಾಪುರ ಗೇಟಿನಿಂದ ಹೊರಬಿದ್ದರೆ, ಆಚೆ ಸಿದ್ದಾಪುರದ ನರ್ಸರಿಗಳು. ಹೈದರಾಲಿ 1760ರಲ್ಲಿ ಆರಂಭಿಸಿದ ತೋಟದ ನೆರಳಿನಲ್ಲಿ ನಡೆಯುವುದೇ ಅರ್ಧ ಪ್ರವಾಸ.

ಹೂ ತುಂಬಿದ ಗುಲಾಬಿಯ ಮುಂದೆ ಮಕ್ಕಳು ನಿಂತುಬಿಡುತ್ತಾರೆ. ಕೈ ಹಿಡಿದು ಮುಂದೆ ಕರೆದೊಯ್ಯಿರಿ. ಬಿಸಿಲು ಕಾಯುವ ತಾರಸಿಯಲ್ಲಿ ಅದಕ್ಕೆ ದಿನವೂ ನೀರು ತರುವವರಾರು? 2024ರ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿತ್ತು. ಗಿಡಕ್ಕಿಂತ ದಂಡವೇ ದುಬಾರಿ!

ಅದಕ್ಕೇ ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರನ್ನು ಒಂದು ಬಕೆಟ್ಟಿನಲ್ಲಿ ಹಿಡಿದಿಡಿ. ಉಪ್ಪು, ಸೋಪು ತಾಗಿದ್ದು ಬೇಡ. ದಿನಕ್ಕೆ ಎಷ್ಟು ಚೊಂಬು ಕೂಡಿತೆಂದು ಮಕ್ಕಳೇ ಬರೆದಿಡಲಿ. ಅಷ್ಟಕ್ಕೆ ಎಷ್ಟು ಕುಂಡ ಬದುಕೀತೋ ಅಷ್ಟೇ ನಿಮ್ಮ ತೋಟ. ಹಿಡಿ ಒಡೆದ ಬಕೆಟ್ಟು, ಬಣ್ಣದ ಖಾಲಿ ಡಬ್ಬಗಳ ತಳಕ್ಕೆ ತೂತು ಕೊರೆದರೆ ಕುಂಡದ ಖರ್ಚೂ ಉಳಿಯಿತು. ನರ್ಸರಿಯಿಂದ ಮಣ್ಣು, ಗೊಬ್ಬರ ತಂದರೆ ಸಾಕು.

ಮೆಂತ್ಯ ಸಾಸಿವೆ ಡಬ್ಬಿಯ ಪಕ್ಕದಲ್ಲೇ ಇದೆ. ರಾತ್ರಿ ನೆನೆಹಾಕಿ ಬಿತ್ತಿದರೆ ವಾರದೊಳಗೆ ಮೊಳಕೆ, ತಿಂಗಳೊಳಗೆ ಸೊಪ್ಪು. ತೀರಾ ಸುಡುಬಿಸಿಲಿದ್ದರೆ ಕುಂಡವನ್ನು ನೆರಳಿಗೆ ಸರಿಸಿ. ದೊಡ್ಡಪತ್ರೆಗೆ ಬೀಜವೂ ಬೇಡ, ಪಕ್ಕದ ಮನೆಯವರಿಂದ ಒಂದು ಕಡ್ಡಿ ಕೇಳಿ ತಂದು ಚುಚ್ಚಿದರಾಯಿತು. ಅದು ಚಿಗುರಿ ಹಬ್ಬಿದ ಮೇಲೆ ಹತ್ತು ಎಲೆ ಕಿತ್ತು, ಜೀರಿಗೆಯೊಡನೆ ಬಾಡಿಸಿ, ಕಾಯಿತುರಿ ಸೇರಿಸಿ ರುಬ್ಬಿ ಮಜ್ಜಿಗೆಗೆ ಬೆರೆಸಿ. ಅಂದಿನ ಮಧ್ಯಾಹ್ನದ ಊಟಕ್ಕೆ ತಂಬುಳಿ ಸಿದ್ಧ.