ಕಿಡಿ ಇದ್ದೂ ಹತ್ತದ ಗಾಡಿ

ನಾವು ಬಿ.ಎಸ್‌ಸಿ. ಪದವೀಧರರು. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಮುಂದೆ ಹೇಳಲಿರುವ ಫಜೀತಿಯಲ್ಲಿ ಅರ್ಧ ಪಾಲು ಆ ಪದವಿಯದು. ಉಳಿದರ್ಧ ಕೇಂದ್ರ ಸರ್ಕಾರದ್ದು ಎಂದರೆ ಅನ್ನಕ್ಕೆ ದ್ರೋಹವಾದೀತು. ಆದರೂ ಇಪ್ಪತ್ತೆರಡು ವರ್ಷ ಕಡತಗಳ ನಡುವೆ ಕುಳಿತ ಗುಮಾಸ್ತನಿಗೆ ಒಂದು ನಂಬಿಕೆ ಬೇರೂರಿಬಿಡುತ್ತದೆ: ತಪ್ಪು ಯಾವಾಗಲೂ ಬೇರೆ ಸೆಕ್ಷನ್ನಿನಲ್ಲಿ ಆಗಿರುತ್ತದೆ ಎಂದು.

ಕೋಠಿಯಲ್ಲಿ, ಗುಜರಾತಿ ಗಲ್ಲಿಯಿಂದ ಕೂಗಳತೆಯ ದೂರದಲ್ಲಿ, ಒಂದು ಹಳೆಯ ವಠಾರದ ಮನೆಯಲ್ಲಿ ನಾವು ಹುಟ್ಟಿ ಬೆಳೆದೆವು. ಕರ್ಕ್‌ಪ್ಯಾಟ್ರಿಕ್ ಸಾಹೇಬ ಕಟ್ಟಿಸಿದ ರೆಸಿಡೆನ್ಸಿಯ ಬಂಗಲೆಯಿಂದಾಗಿ ಈ ಬಡಾವಣೆಗೆ ಕೋಠಿ ಎಂಬ ಹೆಸರು ಬಂತೆನ್ನುತ್ತಾರೆ. ನಮ್ಮ ಮನೆಗೂ ಬಂಗಲೆಗೂ ಇದ್ದ ಸಂಬಂಧ ಇಷ್ಟೇ: ಎರಡೂ ಸೋರುತ್ತಿದ್ದವು. ಬಂಗಲೆಯನ್ನು ರಿಪೇರಿ ಮಾಡಿದರು. ನಮ್ಮ ಮನೆಯನ್ನು ಮಾಲೀಕರು ಕಳೆದ ವರ್ಷ ಅಪಾರ್ಟ್‌ಮೆಂಟ್ ಕಟ್ಟುವವರಿಗೆ ಒಪ್ಪಿಸಿದರು. ಶ್ರಾವಣ ಮುಗಿಯುವುದರೊಳಗೆ ಖಾಲಿ ಮಾಡಬೇಕೆಂದು ಮಾತಾಯಿತು. ದಿಲ್‌ಸುಖ್ ನಗರದಲ್ಲಿ ಒಂದು ಫ್ಲ್ಯಾಟು ಗೊತ್ತಾಯಿತು. ಮನೆಯ ಸಾಮಾನಿಗೆಲ್ಲ ಒಂದೊಂದು ದಾರಿ ಕಂಡಿತು, ಅಂಗಳದಲ್ಲಿ ನಿಂತಿದ್ದ ಗಾಡಿಯೊಂದನ್ನು ಬಿಟ್ಟು.

ಗಾಡಿಯೆಂದರೆ ನಮ್ಮ ತಂದೆಯವರ ಯೆಜ್ಡಿ. 1985ರಲ್ಲಿ ಊರಿಗೆ ರಜೆಗೆಂದು ಹೋದವರು ಮೈಸೂರಿನಿಂದಲೇ ಕೊಂಡು ತಂದರು. ಹೈದರಾಬಾದಿನಲ್ಲಿ ಸಿಗುತ್ತಿರಲಿಲ್ಲವೆಂದಲ್ಲ, ಯಾದವಗಿರಿಯ ಕಾರ್ಖಾನೆಯ ಬಾಗಿಲಿನ ಹತ್ತಿರದಿಂದಲೇ ತಂದೆ ಎಂದು ಹೇಳಿಕೊಳ್ಳುವ ಸುಖಕ್ಕೆ. ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜಯಚಾಮರಾಜೇಂದ್ರ ಒಡೆಯರ ಕೈಯಿಂದ ಆರಂಭವಾದದ್ದನ್ನು ಅವರು ತಮ್ಮ ಮನೆಯ ಶುಭಕಾರ್ಯವೆಂಬಂತೆ ವರ್ಣಿಸುತ್ತಿದ್ದರು. ಪರಸ್ಥಳದಲ್ಲಿರುವವರಿಗೆ ಊರಿನದೊಂದು ವಸ್ತು ಬೇಕು. ಕೆಲವರಿಗೆ ಮೈಸೂರು ಪಾಕು ಸಾಕಾಗುತ್ತದೆ. ನಮ್ಮ ತಂದೆಯವರಿಗೆ ಹೊಗೆ ಬಿಡುವ ಎರಡು ಕೊಳವೆ ಬೇಕಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿದಾಗ ಅವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವೆಂದು ಅಮ್ಮ ಈಗಲೂ ಹೇಳುತ್ತಾರೆ. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮತ್ತೆ ಬಂದವು ನಿಜ. ಆದರೆ ಅವು ಬೇರೆಯ ಗಾಡಿಗಳು, ಫೋರ್ ಸ್ಟ್ರೋಕು, ಒಳಗೆ ಕಂಪ್ಯೂಟರು. ಗೇರಿನ ಸನ್ನೆಯನ್ನೇ ಎತ್ತಿ ತಿರುಗಿಸಿ ಕಿಕ್ ಹೊಡೆಯುವ ವಿದ್ಯೆ ಅವುಗಳಿಗೆ ಗೊತ್ತಿಲ್ಲ.

ತಂದೆಯವರು 2016ರಲ್ಲಿ ತೀರಿಕೊಂಡರು. ಗಾಡಿ ಅಂಗಳದಲ್ಲಿ ಉಳಿಯಿತು. ಮಳೆಗೆ ಟ್ಯಾಂಕು ತೂತಾಯಿತು, ಸೀಟನ್ನು ಇಲಿಗಳು ಹಂಚಿಕೊಂಡವು. ಮೈಸೂರಿನಲ್ಲಿರುವ ನಮ್ಮ ತಮ್ಮ ಅದನ್ನು ಮಾರಿಬಿಡೆಂದು ಪ್ರತಿ ಯುಗಾದಿಗೂ ಫೋನು ಮಾಡುತ್ತಿದ್ದ. ನಾವು ಮಾರುವ ಬದಲು ಕಟ್ಟತೊಡಗಿದೆವು. ಚಾಸಿಸ್ಸು, ಎಂಜಿನ್ನು ಹಳೆಯವೇ. ಅವುಗಳ ನಂಬರನ್ನು ಮುಟ್ಟಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನಮಗೆ ಗೊತ್ತು, ಗುಮಾಸ್ತರಲ್ಲವೆ? ಟ್ಯಾಂಕು ಎರ್ರಗಡ್ಡದ ಭಾನುವಾರದ ಸಂತೆಯಲ್ಲಿ ಸಿಕ್ಕ ರಾಜ್‌ದೂತ್‌ನದು. ಹ್ಯಾಂಡಲ್ಲು ಜುಮೇರಾತ್ ಬಜಾರಿನದು, ಯಾವ ಕುಲವೋ ದೇವರೇ ಬಲ್ಲ. ಸೀಟನ್ನು ನಾವೇ ಹಲಗೆ ಕೊಯ್ದು, ಸ್ಪಂಜು ಅಂಟಿಸಿ, ರೆಕ್ಸಿನ್ ಹೊದಿಸಿದೆವು. ವೈರುಗಳನ್ನೆಲ್ಲ ಹೊಸದಾಗಿ ಎಳೆದೆವು. ಚೌಕಟ್ಟಿಗೆ ಎರಡು ಸಲ ಪ್ರೈಮರು, ಮೂರು ಸಲ ಕಡುನೀಲಿ ಬಣ್ಣ. ಒಂದು ಅಂಗುಲ ಬಿಡದೆ ಬಳಿದೆವು. ಈ ವಾಕ್ಯವನ್ನು ವಾಚಕರು ಸ್ವಲ್ಪ ನೆನಪಿಟ್ಟುಕೊಂಡಿರಬೇಕು.

“ಏನೂಂದ್ರೆ, ತನ್ನ ಕಾಲ ಮೇಲೆ ತಾನು ಓಡಿಕೊಂಡು ಬಂದರೆ ಹೊಸ ಮನೆಗೆ ಬರಲಿ. ಇಲ್ಲದಿದ್ದರೆ ಗುಜರಿಯವನನ್ನು ಕರೆಸ್ತೀನಿ” ಎಂದು ನಮ್ಮ ಮನೆಯಾಕೆ ಆಜ್ಞೆ ಹೊರಡಿಸಿದಳು. ಉಳಿದದ್ದು ಐದು ವಾರ.

ಮೊದಲ ದಿನ ಏಳನೆಯ ಕಿಕ್ಕಿಗೆ ಗಾಡಿ ಹತ್ತಿತು. ವಠಾರದ ಮಕ್ಕಳೆಲ್ಲ ಕೂಗಿದರು. ನಾವು ಏರಿ ಕುಳಿತು ಗಲ್ಲಿ ದಾಟಿದೆವು. ಖಾಲಿಯಾಗಿ ನಿಂತಲ್ಲಿ ಗುಟುರು ಹಾಕುತ್ತಿದ್ದ ಗಾಡಿ, ಸ್ವಲ್ಪ ಏರು ಬಂದು ಎಕ್ಸಲರೇಟರು ತಿರುಗಿಸಿದರೆ ಬಿಕ್ಕಳಿಸುತ್ತಿತ್ತು. ಪಟ್ ಪಟ್ ಎಂದು ಸೈಲೆನ್ಸರಿನಲ್ಲಿ ಸಿಡಿಯುತ್ತಿತ್ತು. ತಳ್ಳಿಕೊಂಡು ಬಂದೆವು.

ಪ್ಲಗ್ಗನ್ನು ಬಿಚ್ಚಿ, ಸಿಲಿಂಡರಿನ ತಲೆಗೆ ತಾಗಿಸಿಟ್ಟು ಕಿಕ್ ಹೊಡೆದು ನೋಡಿದೆವು. ಕಿಡಿ ಕಣ್ಣಿಗೆ ಕಾಣುವಂತೆ ಹಾರಿತು. ‘ಕಿಡಿ ಇದೆ, ಆದ್ದರಿಂದ ದೋಷ ವಿದ್ಯುತ್ತಿನ ಸೆಕ್ಷನ್ನಿನದಲ್ಲ, ಪೆಟ್ರೋಲಿನದು’ ಎಂದು ಷರಾ ಬರೆದು ಕಡತವನ್ನು ಕಾರ್ಬ್ಯುರೇಟರಿಗೆ ವರ್ಗಾಯಿಸಿದೆವು. ಎರಡು ವಾರ ಹೋಯಿತು. ಜೆಟ್ಟು ತೊಳೆದೆವು, ಫ್ಲೋಟು ಅಲ್ಲಾಡಿಸಿ ನೋಡಿದೆವು, ಸೂಜಿಯನ್ನು ಒಂದು ಗೀರು ಮೇಲೆ, ಒಂದು ಗೀರು ಕೆಳಗೆ ಮಾಡಿದೆವು. ಮನೆಯೆಲ್ಲ ಪೆಟ್ರೋಲಿನ ವಾಸನೆ. ಸಾರಿಗೂ ಅದೇ ಒಗ್ಗರಣೆ.

ನಾಚಿಕೆಯ ಸಂಗತಿಯೆಂದರೆ ಇದರ ಉತ್ತರವನ್ನು ನಾವು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆವು. ಗಾಳಿಯ ಒತ್ತಡ ಹೆಚ್ಚಿದಷ್ಟೂ ಅದೇ ಸಂದಿಯನ್ನು ಕಿಡಿ ದಾಟಲು ಹೆಚ್ಚು ವೋಲ್ಟೇಜು ಬೇಕು. ಪಾಶೆನ್ ಎಂಬಾತ 1889ರಲ್ಲೇ ಅದನ್ನು ಅಳೆದು ಹೇಳಿದ್ದಾನೆ. ಹೊರಗಿನ ಬಯಲು ಗಾಳಿಯಲ್ಲಿ ಹಾರುವ ಬಡಕಲು ಕಿಡಿ, ಸಿಲಿಂಡರಿನಲ್ಲಿ ಪಿಸ್ಟನ್ನು ಒತ್ತಿ ಹಿಡಿದ ಗಾಳಿಯಲ್ಲಿ ಹಾರಬೇಕೆಂದೇನೂ ಇಲ್ಲ. ಎಕ್ಸಲರೇಟರು ತಿರುಗಿಸಿದರೆ ಒಳಗೆ ತುಂಬುವ ಗಾಳಿ ಇನ್ನೂ ಹೆಚ್ಚು, ಒತ್ತಡವೂ ಹೆಚ್ಚು. ಗಾಡಿ ಏರಿನಲ್ಲಿ ಬಿಕ್ಕಳಿಸಿದ್ದು ಅದಕ್ಕೇ. ಪಾಸಾದ ಮೇಲೆ ಪಾಠ ಮರೆಯುವುದು ನಮ್ಮ ಕಾಲದ ರೂಢಿ.

ಒಂದು ರಾತ್ರಿ ಒಂಬತ್ತನೆಯ ತರಗತಿಯ ನಮ್ಮ ಮಗಳು ಟಾರ್ಚು ಹಿಡಿದು ನಿಂತಿದ್ದಳು. ವೈರಿಂಗನ್ನು ನಾವು ಅವಳಿಗೆ ಸ್ವಲ್ಪ ಜಂಬದಿಂದಲೇ ವಿವರಿಸಿದೆವು. “ಬ್ಯಾಟರಿಯಿಂದ ಕಾಯಿಲ್ಲಿಗೆ, ಕಾಯಿಲ್ಲಿಂದ ಪ್ಲಾಟಿನಮ್ಮಿಗೆ.” ಮೆಕ್ಯಾನಿಕ್ಕುಗಳು ಪಾಯಿಂಟಿಗೆ ಇಟ್ಟಿರುವ ಹೆಸರು ಪ್ಲಾಟಿನಂ. ಅವಳು ಕೇಳಿದಳು: “ಅಪ್ಪ, ಅಲ್ಲಿಂದ ವಾಪಸ್ ಹೋಗೋದು ಹೇಗೆ? ಸರ್ಕ್ಯೂಟ್ ಮುಗೀಬೇಕಲ್ವಾ?”

“ಎಂಜಿನ್ನಿನ ಮೈಯಿಂದ ಚೌಕಟ್ಟಿಗೆ, ಚೌಕಟ್ಟಿನಿಂದ ಬ್ಯಾಟರಿಗೆ. ಕಬ್ಬಿಣವೇ ದಾರಿ” ಎಂದೆವು. ಹೇಳುತ್ತಿದ್ದಂತೆಯೇ ಬಾಯಿ ಕಟ್ಟಿಹೋಯಿತು.

ಕಬ್ಬಿಣವೆಲ್ಲಿತ್ತು? ಎಲ್ಲೆಲ್ಲೂ ಕಡುನೀಲಿ ಬಣ್ಣ. ಎಂಜಿನ್ನು ಕೂರುವ ಕಿವಿಗಳ ಮೇಲೆ, ಬ್ಯಾಟರಿಯ ಅರ್ತ್ ತಂತಿ ಬಿಗಿಯುವ ಬೋಲ್ಟಿನ ಕೆಳಗೆ, ಎಲ್ಲ ಕಡೆ ಐದು ಪದರ. ಬೋಲ್ಟಿನ ಮರೆಗಳು ಎಲ್ಲೋ ತುಸು ಗೀರಿದ್ದರಿಂದ ಒಂದಿಷ್ಟು ಕರೆಂಟು ನುಸುಳುತ್ತಿತ್ತು, ಅಷ್ಟೆ. ಇದು ಆರು ವೋಲ್ಟಿನ ಗಾಡಿ. ಬಡವರ ಮನೆಯ ಲೆಕ್ಕ. ಕಾಯಿಲ್ಲಿನ ರೋಧ ಎರಡು ಓಮ್ ಎಂದಿಟ್ಟುಕೊಂಡರೆ ಮೂರು ಆಂಪಿಯರ್ ಹರಿಯಬೇಕು. ದಾರಿಯಲ್ಲಿ ಅರ್ಧ ಓಮ್ ಅಡ್ಡ ಬಂದರೆ 2.4ಕ್ಕೆ ಇಳಿಯುತ್ತದೆ. ಕಾಯಿಲ್ಲು ಕೂಡಿಡುವ ಶಕ್ತಿಯಾದರೋ ಕರೆಂಟಿನ ವರ್ಗಕ್ಕೆ ತಕ್ಕಂತೆ. ಮೂರನೆಯ ಒಂದು ಪಾಲಿಗಿಂತ ಹೆಚ್ಚು ಅಲ್ಲಿಯೇ ಮಾಯ. ರಾತ್ರಿ ಹನ್ನೊಂದಕ್ಕೆ ಉಪ್ಪುಕಾಗದ ಹಿಡಿದು ನಮ್ಮ ಕೈಯಾರೆ ಬಳಿದ ಬಣ್ಣವನ್ನು ನಾವೇ ಕೆರೆದೆವು. ಎಂಜಿನ್ನಿನಿಂದ ಬ್ಯಾಟರಿಗೆ ಒಂದು ದಪ್ಪ ತಂತಿಯನ್ನೂ ನೇರವಾಗಿ ಎಳೆದೆವು. ಬೆಳಿಗ್ಗೆ ಎರಡನೆಯ ಕಿಕ್ಕಿಗೇ ಗಾಡಿ ಹತ್ತಿ, ಬಿಕ್ಕಳಿಕೆಯಿಲ್ಲದೆ ಓಡಿತು.

ಓಡಿದ್ದು ಚಾದರ್‌ಘಾಟ್ ಸೇತುವೆಯವರೆಗೆ. ಮೂಸಿಯ ನಡುನೀರಿನ ಮೇಲೆ, ಬಸ್ಸುಗಳ ನಡುವೆ, ತಟ್ಟನೆ ನಿಂತಿತು. ಹಿಂದಿನವರು ಏನೆಂದರೆಂಬುದು ಈ ಪತ್ರಿಕೆಯಲ್ಲಿ ಅಚ್ಚಾಗುವಂಥದ್ದಲ್ಲ. ದಡಕ್ಕೆ ತಳ್ಳಿ, ಮುಕ್ಕಾಲು ಗಂಟೆ ಕುಳಿತು ಒದ್ದರೆ ಏನೂ ಆಗಿಲ್ಲವೆಂಬಂತೆ ಹತ್ತಿತು. ಮರುದಿನವೂ ಹಾಗೆಯೇ. ಹತ್ತು ಹದಿನೈದು ನಿಮಿಷ ಓಟ, ಆಮೇಲೆ ಸಾವು, ತಣ್ಣಗಾದರೆ ಪುನರ್ಜನ್ಮ.

ಪುತ್ಲಿಬೌಲಿಯ ಕಡೆ ಒಂದು ಸಂದಿಯಲ್ಲಿ ಒಬ್ಬ ಮುದುಕ ಮಿಸ್ತ್ರಿ ಇದ್ದಾರೆ. ಎಲ್ಲರೂ ಚಾಚಾ ಎನ್ನುತ್ತಾರೆ, ನಾವೂ ಹಾಗೆಯೇ. ಅವರು ಗಾಡಿಯನ್ನು ಒಂದು ಸುತ್ತು ಬಂದು, “ಮಾ ಏಕ್, ಬಾಪ್ ತೀನ್” ಎಂದು ನಮ್ಮ ಶಿಲ್ಪವನ್ನು ವಿಮರ್ಶಿಸಿದರು. ಪಕ್ಕದ ಮುಚ್ಚಳ ಬಿಚ್ಚಿ ಪ್ಲಾಟಿನಮ್ಮಿನ ತುಟಿಗಳನ್ನು ತೋರಿಸಿದರು. ಒಂದರ ಮೇಲೆ ಗುಡ್ಡ, ಇನ್ನೊಂದರ ಮೇಲೆ ಹಳ್ಳ, ಎರಡೂ ಕಪ್ಪಗೆ ಸುಟ್ಟಿದ್ದವು. “ಠಂಡೇ ಮೇ ಚಲ್ತೀ, ಗರಮ್ ಮೇ ಮರ್ತೀ. ಕಂಡೆನ್ಸರ್ ಹೈ ಸಾಬ್, ಔರ್ ಕ್ಯಾ?”

ಕಂಡೆನ್ಸರ್ ಒಂದು ಪುಟ್ಟ ತಗಡಿನ ಡಬ್ಬಿ. ನಲ್ಲಿಯನ್ನು ತಟ್ಟನೆ ಮುಚ್ಚಿದರೆ ಕೊಳವೆ ಧಡ್ ಎನ್ನುತ್ತದಲ್ಲ, ಕಾಯಿಲ್ಲಿನ ಕೆಲಸವೂ ಅಂಥದೇ. ಪಾಯಿಂಟು ತೆರೆದಾಗ ಕರೆಂಟು ತಟ್ಟನೆ ನಿಲ್ಲಬೇಕು, ಆಗಲೇ ಆಚೆಯ ಸುರುಳಿಯಲ್ಲಿ ಸಾವಿರಗಟ್ಟಲೆ ವೋಲ್ಟು ಏಳುವುದು. ಆದರೆ ಕರೆಂಟಿಗೆ ನಿಲ್ಲುವ ಮನಸ್ಸಿಲ್ಲ. ತೆರೆದ ಸಂದಿಯಲ್ಲೇ ನೀಲಿಯಾಗಿ ಉರಿಯುತ್ತ ದಾಟಲು ನೋಡುತ್ತದೆ. ಆ ಗಳಿಗೆಯ ಕರೆಂಟನ್ನು ಕಂಡೆನ್ಸರ್ ನುಂಗಿಕೊಳ್ಳುತ್ತದೆ. ಅದು ಕೆಟ್ಟರೆ ಬೆಂಕಿಯೆಲ್ಲ ಪ್ಲಾಟಿನಮ್ಮಿನಲ್ಲಿ, ಪ್ಲಗ್ಗಿನಲ್ಲಿ ಬೂದಿ.

ಈ ಡಬ್ಬಿಯೊಂದನ್ನು ಮಾತ್ರ ನಾವು ಬದಲಾಯಿಸಿರಲಿಲ್ಲ. ತಂದೆಯವರ ಕಾಲದ್ದು, ಮೈಸೂರಿನಿಂದ ಬಂದದ್ದೆಂದು ಒರೆಸಿ ಮತ್ತೆ ಹಾಕಿದ್ದೆವು. ಮನೆಗೆ ತಂದು, ಕಪ್ಯಾಸಿಟಿ ಅಳೆಯುವ ಮೀಟರಿಗೆ ಸಿಕ್ಕಿಸಿದೆವು. 0.21 ಮೈಕ್ರೋಫ್ಯಾರಡ್, ಆರೋಗ್ಯವಂತ. ಮನೆಯಾಕೆಯ ಕೂದಲು ಒಣಗಿಸುವ ಯಂತ್ರವನ್ನು ಕೇಳದೆ ತಂದು ಬಿಸಿಗಾಳಿ ಹಿಡಿದೆವು. ಮೂರು ನಿಮಿಷ ಸುಮ್ಮನಿದ್ದ ಅಂಕಿ ಆಮೇಲೆ ಕುಣಿಯತೊಡಗಿತು.

ಮೀಟರು ನೋಡುತ್ತ ಕುಳಿತವರಿಗೆ 2016ರ ಆ ರಾತ್ರಿ ನೆನಪಾಯಿತು. ಸಿಕಂದರಾಬಾದಿನಿಂದ ಟ್ರಾಫಿಕ್ಕಿನಲ್ಲಿ ತೆವಳಿಕೊಂಡು ಆಗತಾನೆ ಮನೆಗೆ ಬಂದಿದ್ದೆವು. ತಂದೆಯವರು ಎದೆ ಹಿಡಿದುಕೊಂಡು ಕುಳಿತಿದ್ದರು. ಆಟೋ ಕರೆಯುತ್ತೇವೆಂದರೆ, “ಗಾಡಿ ತೆಗಿ, ಎರಡು ನಿಮಿಷದ ದಾರಿ” ಎಂದರು. ಹತ್ತು ನಿಮಿಷ ಒದ್ದೆವು. ಹತ್ತಲಿಲ್ಲ. ಅವರು ಮೆಟ್ಟಿಲ ಮೇಲೆ ಕುಳಿತು ನೋಡುತ್ತಿದ್ದರು. ಕೊನೆಗೆ ಆಟೋದಲ್ಲಿಯೇ ಹೋದದ್ದು. ಮೂರನೆಯ ದಿನ ತೀರಿಕೊಂಡರು. ಹತ್ತು ನಿಮಿಷದಿಂದ ಏನೂ ವ್ಯತ್ಯಾಸವಾಗುತ್ತಿರಲಿಲ್ಲವೆಂದು ಡಾಕ್ಟರು ಹೇಳಿದರು. ಆ ರಾತ್ರಿ ಕಳೆದ ಬೆಳಿಗ್ಗೆ ಬಟ್ಟೆ ಒಯ್ಯಲು ಮನೆಗೆ ಬಂದು ಸುಮ್ಮನೆ ಒದ್ದಾಗ, ಗಾಡಿ ಮೊದಲ ಕಿಕ್ಕಿಗೇ ಹತ್ತಿತ್ತು. ಅದೇಕೆಂದು ಇಷ್ಟು ವರ್ಷ ತಿಳಿದಿರಲಿಲ್ಲ. ಎಂಜಿನ್ನು ಆ ರಾತ್ರಿ ಕಾದಿತ್ತು.

ಇನ್ನೊಂದು ಮಾತನ್ನೂ ಬರೆದುಬಿಡುತ್ತೇವೆ. ಅದಕ್ಕೆ ಒಂದು ವಾರ ಮುಂಚೆ ತಂದೆಯವರು, “ಬಿಸಿಯಾದರೆ ಗಾಡಿ ಸತಾಯಿಸ್ತಿದೆ, ಕಂಡೆನ್ಸರ್ ನೋಡೋ” ಎಂದಿದ್ದರು. ಭಾನುವಾರ ನೋಡೋಣವೆಂದಿದ್ದೆವು.

ಮರುದಿನ ಗುಜರಾತಿ ಗಲ್ಲಿಗೆ ಹೋದೆವು. ಯೆಜ್ಡಿಯದೆಂದು ಮಾರುವ ಕಂಡೆನ್ಸರುಗಳ ಮೇಲೆ ಚಾಚಾಗೆ ನಂಬಿಕೆಯಿರಲಿಲ್ಲ. ರೇಡಿಯೋ ಬಿಡಿಭಾಗಗಳ ಅಂಗಡಿಯಲ್ಲಿ 0.22 ಮೈಕ್ರೋಫ್ಯಾರಡಿನ, 630 ವೋಲ್ಟು ತಡೆಯುವ ಪ್ಲಾಸ್ಟಿಕ್ ಕೆಪಾಸಿಟರ್ ಕೇಳಿದೆವು. “ಕ್ಯಾ ಬನಾರೇ ಸಾಬ್, ಆಂಪ್ಲಿಫಯರ್?” ಎಂದರು ಸೇಠರು. “ಮೋಟಾರ್ ಸೈಕಲ್” ಎಂದೆವು. ಅವರು ಕನ್ನಡಕದ ಮೇಲಿಂದ ನೋಡಿ, ಹದಿನೈದು ರೂಪಾಯಿ ತೆಗೆದುಕೊಂಡು, ಎರಡು ಕೊಟ್ಟರು. ಎಂಜಿನ್ನಿನ ಕಾವು ತಾಗದಂತೆ ಟ್ಯಾಂಕಿನ ಕೆಳಗೆ, ಕಾಯಿಲ್ಲಿನ ಪಕ್ಕ ಅದನ್ನು ಕಟ್ಟಿದೆವು. ಒಂದು ಕಾಲು ಪಾಯಿಂಟಿನ ತಂತಿಗೆ, ಇನ್ನೊಂದು ಅರ್ತಿಗೆ. ಬಣ್ಣ ಕೆರೆದಿದೆಯೇ ಎಂದು ಮಗಳು ಟಾರ್ಚು ಬಿಟ್ಟು ಪರೀಕ್ಷಿಸಿದಳು. ಹೊಸ ಪ್ಲಾಟಿನಂ ಹಾಕಿ ಸಂದಿಯನ್ನು 0.4 ಮಿಲಿಮೀಟರಿಗೆ ಕೂರಿಸಿದೆವು.

ಮನೆ ಬಿಟ್ಟ ದಿನ ಸಾಮಾನಿನ ಲಾರಿ ಮುಂದೆ, ನಾವು ಹಿಂದೆ. ಹಿಂದಿನ ಸೀಟಿನಲ್ಲಿ ಮಗಳು, ಅವಳ ತೊಡೆಯ ಮೇಲೆ ತುಳಸಿಯ ಕುಂಡ. ಚಾದರ್‌ಘಾಟ್ ಸೇತುವೆ ಬಂದಾಗ ಇಬ್ಬರೂ ಮಾತು ನಿಲ್ಲಿಸಿದೆವು. ಸೇತುವೆ ಮುಗಿಯಿತು. ನಲ್ಗೊಂಡ ಚೌರಸ್ತಾದ ಸಿಗ್ನಲ್ಲಿನಲ್ಲಿ ಎರಡು ಬಾರಿ ಕೆಂಪು ದೀಪ ಬಿದ್ದರೂ ಎಂಜಿನ್ನು ಒಂದೇ ಸಮ ಗುಟುರು ಹಾಕುತ್ತ ನಿಂತಿತ್ತು. ಮಲಕ್‌ಪೇಟೆ ದಾಟಿದ ಮೇಲೆ ನಾವು ಎಣಿಸುವುದನ್ನು ಬಿಟ್ಟೆವು. ಹೊಸ ಮನೆಯ ಕೆಳಗೆ ನಿಲ್ಲಿಸಿದಾಗ ಮನೆಯಾಕೆ ಹೊಗೆಗೆ ಸೆರಗು ಮೂಗಿಗೆ ಹಿಡಿದು, ಕುಂಡವನ್ನಷ್ಟೇ ಇಳಿಸಿಕೊಂಡಳು. ಗುಜರಿಯವನ ಮಾತು ಮತ್ತೆ ಬರಲಿಲ್ಲ.

ಮುಂದಿನ ಭಾನುವಾರ ತಮ್ಮನಿಗೆ ಫೋನು ಮಾಡಿ, ಗಾಡಿಯನ್ನು ಹತ್ತಿಸಿ, ಸೈಲೆನ್ಸರಿನ ಹತ್ತಿರ ಹಿಡಿದೆವು. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅಣ್ಣ, ಆವತ್ತು ರಾತ್ರಿ ಯಾಕೆ ಹತ್ತಲಿಲ್ಲಾಂತ ಗೊತ್ತಾಯ್ತಾ?” ಎಂದ. ಆ ರಾತ್ರಿಯ ಮಾತನ್ನು ನಾವು ಅವನಿಗೆ ಹೇಳಿರಲಿಲ್ಲ, ಅಮ್ಮ ಹೇಳಿರಬೇಕು.

“ಕಂಡೆನ್ಸರ್” ಎಂದೆವು.

“ಹೂಂ, ಬಿಡು” ಎಂದ. ಸ್ವಲ್ಪ ಹೊತ್ತು ಬಿಟ್ಟು, “ಲೀಟರಿಗೆ ಎಷ್ಟು ಕೊಡ್ತಿದೆ?” ಎಂದು ಕೇಳಿದ.